ಗಡಿಯಾರ ಹಿಡಿದ ಮೊಲ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ಕಟ್ಟಿದವರು ಸಾಹಿತ್ಯ ವಿಮರ್ಶಕರನ್ನು ಕಂಡಿದ್ದರೋ ಇಲ್ಲವೋ ತಿಳಿಯದು. ಕಂಡಿರದಿದ್ದರೂ ಗಾದೆ ನಮ್ಮ ಕಸುಬಿಗೆ ಚೆನ್ನಾಗಿ ಒಪ್ಪುತ್ತದೆ. ಅದರಲ್ಲೂ ಮಕ್ಕಳ ಕಥೆಯೊಂದು ಲೋಕಪ್ರಸಿದ್ಧವಾಯಿತೆಂದರೆ ಅದರೊಳಗಿನ ಮೃಗಪಕ್ಷಿಗಳಿಗೆ ಬಿಡುವೇ ಇರುವುದಿಲ್ಲ. ನರಿ ನರಿಯಾಗಿರುವಂತಿಲ್ಲ, ಬೆಕ್ಕು ಬೆಕ್ಕಾಗಿರುವಂತಿಲ್ಲ. ಒಂದೊಂದೂ ಯಾವುದೋ ತತ್ತ್ವದ ಪಲ್ಲಕ್ಕಿಯನ್ನು ಹೊರಬೇಕು. ಲೂಯಿಸ್ ಕ್ಯಾರಲ್ಲನ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕಥೆಗೆ ಈ ಕಾಟ ಸ್ವಲ್ಪ ಹೆಚ್ಚಾಗಿಯೇ ಒದಗಿದೆ. 1933ರಲ್ಲಿ ಶೇನ್ ಲೆಸ್ಲಿ ಎಂಬವರು, ಈ ಕಥೆಯೆಲ್ಲ ಆಕ್ಸ್‌ಫರ್ಡಿನ ಪಾದ್ರಿಗಳ ಮತೀಯ ವಾದವಿವಾದಗಳ ಮರೆಮಾತು ಎಂದು ಬರೆದರು. 1935ರಲ್ಲಿ ವಿಲಿಯಂ ಎಂಪ್ಸನ್ನರು ಮನೋವಿಶ್ಲೇಷಣೆಯ ದೀಪ ಹಿಡಿದು ಮೊಲದ ಬಿಲದೊಳಕ್ಕೆ ಇಳಿದರು. ಇವರೆಲ್ಲ ಬರಿಗೈಯಲ್ಲಿ ಹಿಂದಿರುಗಿದರೆಂದು ಹೇಳಲಾರೆ. ಆದರೆ ಅವರು ಹಿಡಿದು ತಂದ ಮೊಲಗಳ ಕಾಲುಗಳನ್ನು ಎಣಿಸಿ ನೋಡುವುದು ಒಳ್ಳೆಯದು.

ಇಲ್ಲಿ ನಾನು ಮಾತನಾಡಬೇಕೆಂದಿರುವುದು ಆ ಕಥೆಯ ಬಿಳಿಯ ಮೊಲವೊಂದನ್ನು ಕುರಿತು ಮಾತ್ರ. ಅದರ ವಿಷಯದಲ್ಲಿ ಪಂಡಿತರಿಗಿಂತ ಜನಸಾಮಾನ್ಯರ ಅಭಿಪ್ರಾಯವೇ ಗಟ್ಟಿಯಾಗಿ ನಿಂತಿದೆ. ಬಿಳಿಯ ಮೊಲವೆಂದರೆ ಗಡಿಯಾರ; ಗಡಿಯಾರವೆಂದರೆ ಆತುರದ ಆಧುನಿಕ ಜೀವನ. ಇಷ್ಟು ಸುಲಭವಾದ ಸಂಕೇತವನ್ನು ಯಾರು ತಾನೇ ಬಿಟ್ಟಾರು? ಆದರೂ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವರಿಗೆ ಒಂದು ಸಂಶಯ ಹುಟ್ಟಬೇಕು. ಮೊಲ ನಿಜವಾಗಿಯೂ ಹೆದರುತ್ತಿರುವುದು ಗಡಿಯಾರಕ್ಕೆಯೇ?

ಮೊದಲು ಕಥೆಯ ಹುಟ್ಟನ್ನು ನೆನಪು ಮಾಡಿಕೊಳ್ಳೋಣ. 1862ನೆಯ ಇಸವಿ ಜುಲೈ 4ರಂದು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಗಣಿತೋಪಾಧ್ಯಾಯರೊಬ್ಬರು ತಮ್ಮ ಮಿತ್ರ ಡಕ್‌ವರ್ತರೊಡನೆ ದೋಣಿವಿಹಾರಕ್ಕೆ ಹೊರಟರು. ಜೊತೆಯಲ್ಲಿ ಕಾಲೇಜಿನ ಡೀನ್ ಲಿಡೆಲ್ಲರ ಮೂವರು ಹೆಣ್ಣುಮಕ್ಕಳು. ನಡುವಿನವಳಾದ ಆಲಿಸಳಿಗೆ ಆಗ ಹತ್ತು ವರ್ಷ. ಹೊತ್ತು ಕಳೆಯಲು ಮಕ್ಕಳು ಕಥೆ ಕೇಳಿದರು. ಉಪಾಧ್ಯಾಯರು ಆ ಕ್ಷಣದಲ್ಲಿ ಹೊಳೆದುದನ್ನು ಹೇಳುತ್ತ ಹೋದರು. ಬರೆದುಕೊಡಬೇಕೆಂದು ಆಲಿಸ್ ಹಟ ಹಿಡಿದದ್ದರಿಂದ ಕಥೆ ಕಾಗದದ ಮೇಲೆ ಇಳಿಯಿತು. 1864ರ ನವೆಂಬರಿನಲ್ಲಿ ಅವರು ತಮ್ಮ ಕೈಯಿಂದಲೇ ಬರೆದು ಚಿತ್ರ ಬಿಡಿಸಿದ ಪ್ರತಿಯನ್ನು ಅವಳಿಗೆ ಕಾಣಿಕೆಯಾಗಿ ಕೊಟ್ಟರು. ಮರುವರ್ಷ, 1865ರಲ್ಲಿ, ಕಥೆ ಬೆಳೆದು, ಟೆನಿಯಲ್ಲರ ಚಿತ್ರಗಳೊಡನೆ ಅಚ್ಚಾಗಿ ಹೊರಬಂದಿತು. ಉಪಾಧ್ಯಾಯರ ನಿಜವಾದ ಹೆಸರು ಚಾರ್ಲ್ಸ್ ಲಟ್‌ವಿಜ್ ಡಾಡ್ಜ್‌ಸನ್; ಪುಸ್ತಕದ ಮೇಲೆ ಕಾಣುವ ಹೆಸರು ಲೂಯಿಸ್ ಕ್ಯಾರಲ್.

ಕನ್ನಡದ ಮಕ್ಕಳಿಗೆ ಈ ಕಥೆಯನ್ನು ಕೊಟ್ಟವರು ನಾ. ಕಸ್ತೂರಿಯವರು. ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಅವರಿಟ್ಟ ಹೆಸರೇ ಅರ್ಧ ಅನುವಾದದ ಕೆಲಸವನ್ನು ಮುಗಿಸಿಬಿಡುತ್ತದೆ. ನಮ್ಮ ಪಾತಾಳ ನಾಗರಿರುವ ಲೋಕ, ಬಲಿಚಕ್ರವರ್ತಿ ಇಳಿದುಹೋದ ಲೋಕ. ಅಲ್ಲಿಗೆ ದಾರಿ ತೋರಿಸುವುದಕ್ಕೆ ವೇಸ್ಟ್‌ಕೋಟು ತೊಟ್ಟ ಮೊಲ ಬೇಕಾಗಿರಲಿಲ್ಲ. ಆದ್ದರಿಂದಲೇ ನಮ್ಮ ಕಣ್ಣಿಗೆ ಆ ಮೊಲ ಇನ್ನೂ ವಿಚಿತ್ರವಾಗಿ ಕಾಣುತ್ತದೆ.

ಕಥೆಯ ಆರಂಭ ಎಲ್ಲರಿಗೂ ಗೊತ್ತಿರುವುದೇ. ಬಿಸಿಲಿನ ದಿನ. ಅಕ್ಕ ಚಿತ್ರಗಳಿಲ್ಲದ, ಮಾತುಕತೆಯಿಲ್ಲದ ಪುಸ್ತಕವೊಂದನ್ನು ಓದುತ್ತಿದ್ದಾಳೆ. ಪಕ್ಕದಲ್ಲಿ ಕುಳಿತ ಆಲಿಸಳಿಗೆ ಬೇಸರ, ತೂಕಡಿಕೆ. ಕೆಂಪುಗಣ್ಣಿನ ಬಿಳಿಯ ಮೊಲವೊಂದು ತನಗೆ ಹೊತ್ತಾಯಿತೆಂದು ಗೊಣಗುತ್ತ ಓಡುತ್ತದೆ. ಮೊಲ ಮಾತನಾಡಿದ್ದು ಆಲಿಸಳಿಗೆ ಅಷ್ಟೇನೂ ಆಶ್ಚರ್ಯವೆನಿಸುವುದಿಲ್ಲ. ಅದು ವೇಸ್ಟ್‌ಕೋಟಿನ ಜೇಬಿನಿಂದ ಗಡಿಯಾರ ತೆಗೆದು ನೋಡಿದಾಗ ಮಾತ್ರ ಅವಳು ಧಿಗ್ಗನೆ ಎದ್ದು ನಿಲ್ಲುತ್ತಾಳೆ. ಮಾತು ಪ್ರಾಣಿಗಳಿಗೂ ಬರಬಹುದು. ಗಡಿಯಾರ ಮನುಷ್ಯನದೇ ಆಸ್ತಿ ಎಂದು ಆ ಹುಡುಗಿ ಕಲಿತಿದ್ದಳು. ಅವಳು ಬೆನ್ನು ಹತ್ತುತ್ತಾಳೆ, ಬಿಲದೊಳಕ್ಕೆ ಬೀಳುತ್ತಾಳೆ, ಕಥೆ ನಡೆಯುತ್ತದೆ.

ಗಡಿಯಾರದ ವ್ಯಾಖ್ಯಾನಕ್ಕೆ ಆಧಾರವಿಲ್ಲವೆಂದು ನಾನು ಹೇಳುತ್ತಿಲ್ಲ. ಆಧಾರ ಗಟ್ಟಿಯಾಗಿಯೇ ಇದೆ. ಕ್ಯಾರಲ್ಲನ ಆಕ್ಸ್‌ಫರ್ಡಿನಲ್ಲಿ ವೇಳೆಯೇ ಒಂದು ವಿವಾದದ ವಸ್ತುವಾಗಿತ್ತು. ಆಕ್ಸ್‌ಫರ್ಡ್ ಲಂಡನ್ನಿಗೆ ಪಶ್ಚಿಮದಲ್ಲಿದೆ. ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಗ್ರೀನಿಚ್ಚಿಗಿಂತ ಸುಮಾರು ಐದು ನಿಮಿಷ ತಡವಾಗಿ. ರೈಲು ಬರುವ ಮುನ್ನ ಊರೂರಿಗೂ ಅದರದರ ಸೂರ್ಯನೇ ಗಡಿಯಾರ. ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿ 1840ರಲ್ಲಿ ತನ್ನ ನಿಲ್ದಾಣಗಳಿಗೆಲ್ಲ ಲಂಡನ್ ವೇಳೆಯನ್ನು ಗೊತ್ತುಮಾಡಿತು. 1844ರಲ್ಲಿ ಅದರ ರೈಲು ಆಕ್ಸ್‌ಫರ್ಡಿಗೂ ಬಂತು. ಇಡೀ ದೇಶಕ್ಕೆ ಗ್ರೀನಿಚ್ ವೇಳೆಯೇ ಕಾನೂನುಬದ್ಧವಾದ ವೇಳೆ ಎಂಬ ಶಾಸನವಾದದ್ದು 1880ರಲ್ಲಿ. ಕ್ರೈಸ್ಟ್ ಚರ್ಚಿನ ‘ಟಾಮ್’ ಎಂಬ ಹೆಸರಿನ ದೊಡ್ಡ ಗಂಟೆ ಈಗಲೂ ರಾತ್ರಿ 9 ಗಂಟೆ 5 ನಿಮಿಷಕ್ಕೆ 101 ಬಾರಿ ಬಾರಿಸುತ್ತದೆ. ಆಕ್ಸ್‌ಫರ್ಡಿನ ಹಳೆಯ ಲೆಕ್ಕದಲ್ಲಿ ಆಗ ಸರಿಯಾಗಿ ಒಂಬತ್ತು. ಆ ಗಂಟೆಯ ಕೆಳಗೆ ಬಾಳಿದವನಿಗೆ, ಒಂದು ಗಡಿಯಾರದಲ್ಲಿ ಹೊತ್ತಿಗೆ ಸರಿಯಾಗಿರುವವನು ಇನ್ನೊಂದು ಗಡಿಯಾರದಲ್ಲಿ ಐದು ನಿಮಿಷ ತಡವಾದವನಾಗಬಹುದು ಎಂಬ ವಿನೋದ ತಿಳಿದೇ ಇದ್ದಿರಬೇಕು.

ಈ ವ್ಯಾಖ್ಯಾನವನ್ನು ಊರೂರಿಗೂ ಹಂಚಿದ್ದು ಮಾತ್ರ ಚಲನಚಿತ್ರ. 1951ರಲ್ಲಿ ವಾಲ್ಟ್ ಡಿಸ್ನಿಯವರು ತೆಗೆದ ಚಿತ್ರದಲ್ಲಿ ಮೊಲದ ಗಡಿಯಾರ ದೊಡ್ಡದಾಗಿ ಬೆಳೆದು ಮೊಲಕ್ಕಿಂತಲೂ ಮುಖ್ಯವಾಯಿತು. ಟೀ ಕೂಟದ ಹುಚ್ಚರು ಅದನ್ನು ರಿಪೇರಿ ಮಾಡುವ ನೆಪದಲ್ಲಿ ಬಿಚ್ಚಿ, ಬೆಣ್ಣೆ ಜ್ಯಾಮು ಮೆತ್ತಿ, ಕೊನೆಗೆ ಕುಟ್ಟಿ ಹಾಕುತ್ತಾರೆ. ನೋಡಲು ಸೊಗಸಾದ ದೃಶ್ಯವೇ. ಆದರೆ ಕ್ಯಾರಲ್ಲನ ಪುಸ್ತಕದಲ್ಲಿ ಬೆಣ್ಣೆ ಮೆತ್ತಿಸಿಕೊಂಡ ಗಡಿಯಾರ ಮೊಲದ್ದಲ್ಲ, ಟೋಪಿ ಮಾರುವವನದು. ಕಾಲವನ್ನು ಕುರಿತ ಚರ್ಚೆಯೆಲ್ಲ ಇರುವುದೂ ಅವನ ಟೀ ಕೂಟದಲ್ಲಿಯೇ. ಕಾಲದೊಡನೆ ಜಗಳವಾಡಿಕೊಂಡವನು ಅವನು. ಸಂಜೆ ಆರು ಗಂಟೆಯಲ್ಲಿಯೇ ಸಿಕ್ಕಿಕೊಂಡು ಎಂದೆಂದಿಗೂ ಟೀ ಕುಡಿಯುತ್ತಿರುವವನು ಅವನು. ಕಾಲಕ್ಕೆ ಸಂಕೇತ ಬೇಕೆಂದರೆ ಕವಿ ಅದನ್ನು ಬೇರೊಂದು ಅಧ್ಯಾಯದಲ್ಲಿ ಕೈತುಂಬ ಕೊಟ್ಟಿದ್ದಾನೆ.

ಮೊಲದ ಗಡಿಯಾರವೋ? ಮೊದಲ ಅಧ್ಯಾಯದ ಮೊದಲ ಪುಟಗಳಲ್ಲಿ ಅದು ಜೇಬಿನಿಂದ ಹೊರಬಂದದ್ದಷ್ಟೆ. ಮೊಲ ಆಮೇಲೆಯೂ ಹಲವು ಬಾರಿ ಕಾಣಿಸಿಕೊಳ್ಳುತ್ತದೆ. ಒಮ್ಮೆಯೂ ಗಡಿಯಾರ ನೋಡುವುದಿಲ್ಲ. ಅದರ ಬಾಯಲ್ಲಿ ವೇಳೆಯ ಮಾತು ಕಡಿಮೆಯಾಗುತ್ತ, ಬೇರೊಂದು ಹೆಸರು ಹೆಚ್ಚುತ್ತ ಹೋಗುತ್ತದೆ. ಆ ಹೆಸರು ಡಚೆಸ್ ದೊರೆಸಾನಿಯದು.

ಎರಡನೆಯ ಅಧ್ಯಾಯದಲ್ಲಿ ಮೊಲ ಹಿಂದಿರುಗಿ ಬರುತ್ತದೆ. ಈಗ ಅದಕ್ಕೆ ದರ್ಬಾರಿನ ಉಡುಪು. ಒಂದು ಕೈಯಲ್ಲಿ ಬಿಳಿಯ ಚರ್ಮದ ಕೈಗವಸು, ಇನ್ನೊಂದರಲ್ಲಿ ದೊಡ್ಡ ಬೀಸಣಿಗೆ. ದೊರೆಸಾನಿಯನ್ನು ಕಾಯಿಸಿಬಿಟ್ಟೆನಲ್ಲ, ಆಕೆ ಎಷ್ಟು ಉರಿದುಬೀಳುತ್ತಾಳೋ ಎಂದು ಅದರ ಗೋಳು. ಆಲಿಸ್ ಮೆಲ್ಲಗೆ, ಬಹಳ ಮರ್ಯಾದೆಯಿಂದ ಅದನ್ನು ಮಾತನಾಡಿಸುತ್ತಾಳೆ. ಅಷ್ಟಕ್ಕೇ ಅದು ಬೆಚ್ಚಿಬಿದ್ದು, ಕೈಯಲ್ಲಿದ್ದುದನ್ನೆಲ್ಲ ಚೆಲ್ಲಿ ಕತ್ತಲೆಗೆ ಓಡಿಹೋಗುತ್ತದೆ. ಕೈಬರಹದ ಮೂಲಪ್ರತಿಯಲ್ಲಿ ಮೊಲದ ಕೈಯಲ್ಲಿದ್ದದ್ದು ಬೀಸಣಿಗೆಯಲ್ಲ, ಹೂಗೊಂಚಲು. ಅಚ್ಚಿಗೆ ಕೊಡುವಾಗ ಕ್ಯಾರಲ್ ಹೂವನ್ನು ತೆಗೆದು ಬೀಸಣಿಗೆಯನ್ನು ಕೊಟ್ಟ. ಏಕೆ ಬದಲಾಯಿಸಿದನೆಂದು ಊಹಿಸುವುದು ನನ್ನ ಕೆಲಸವಲ್ಲ. ಆದರೆ ಚಾಮರ ಬೀಸುವವರನ್ನು ಬಲ್ಲ ನಮ್ಮಂಥವರಿಗೆ, ಒಡತಿಯ ಹತ್ತಿರ ಓಡುತ್ತಿರುವವನ ಕೈಗೆ ಹೂವಿಗಿಂತ ಬೀಸಣಿಗೆಯೇ ಸರಿಯಾಗಿ ಒಪ್ಪುತ್ತದೆಂದು ತೋರುತ್ತದೆ.

ನಾಲ್ಕನೆಯ ಅಧ್ಯಾಯಕ್ಕೆ ಬನ್ನಿ. ಮೊಲ ಕಳೆದುಕೊಂಡ ಸಾಮಾನುಗಳನ್ನು ಹುಡುಕುತ್ತಿದೆ. ದೊರೆಸಾನಿ ತನ್ನ ತಲೆ ತೆಗೆಸುವುದು ಖಂಡಿತವೆಂದು ನಡುಗುತ್ತಿದೆ. ಆಗ ಆಲಿಸ್ ಕಣ್ಣಿಗೆ ಬೀಳುತ್ತಾಳೆ. ಆ ಕ್ಷಣದಲ್ಲಿ ಮೊಲದ ಧ್ವನಿಯೇ ಬದಲಾಗಿಬಿಡುತ್ತದೆ. ಅವಳನ್ನು ಮೇರಿ ಆ್ಯನ್ ಎಂಬ ತನ್ನ ಮನೆಗೆಲಸದವಳೆಂದು ತಿಳಿದು ಗದರಿಸುತ್ತದೆ. ಇಲ್ಲೇನು ಮಾಡುತ್ತಿದ್ದೀಯೆ, ಓಡು, ಮನೆಯಿಂದ ಕೈಗವಸು ಬೀಸಣಿಗೆ ತೆಗೆದುಕೊಂಡು ಬಾ ಎಂದು ಅಪ್ಪಣೆ. ಒಂದು ಕ್ಷಣದ ಹಿಂದೆ ಪುಟ್ಟ ಹುಡುಗಿಯ ಮೆಲುಮಾತಿಗೆ ಬೆಚ್ಚಿದ್ದ ಪ್ರಾಣಿ ಇದೇನೇ? ಹೌದು, ಇದೇ. ಆಗ ಅವಳು ಯಾರೆಂದು ಗೊತ್ತಿರಲಿಲ್ಲ. ಈಗ ಆಳೆಂದು ಗೊತ್ತಾಗಿದೆ, ಅಥವಾ ಗೊತ್ತಾಗಿದೆಯೆಂದು ಅದು ತಿಳಿದಿದೆ.

ಮೊಲಕ್ಕೆ ಒಂದು ಮನೆಯಿದೆ. ಬಾಗಿಲಿಗೆ ಹೆಸರು ಕೆತ್ತಿದ ಹಿತ್ತಾಳೆಯ ಫಲಕವಿದೆ. ಕೆಲಸದವಳಿದ್ದಾಳೆ, ತೋಟ ಅಗೆಯುವ ಪ್ಯಾಟ್ ಎಂಬ ಆಳಿದ್ದಾನೆ, ಬಿಲ್ ಎಂಬ ಬಡ ಹಲ್ಲಿ ಇದೆ. ಆಲಿಸ್ ಆ ಮನೆಯೊಳಗೆ ಏನನ್ನೋ ಕುಡಿದು ಬೆಳೆದು ಸಿಕ್ಕಿಬಿದ್ದಾಗ ಮೊಲ ಮಾಡುವ ಏರ್ಪಾಡನ್ನು ನೋಡಿ. ತಾನು ಒಳಗೆ ಹೋಗುವುದಿಲ್ಲ. ಪ್ಯಾಟನನ್ನು ಕೂಗುತ್ತದೆ, ಚಿಮಣಿಯೊಳಕ್ಕೆ ಬಿಲ್ಲನನ್ನು ಇಳಿಸುವುದೆಂದು ತೀರ್ಮಾನವಾಗುತ್ತದೆ. ಆಲಿಸಳ ಒದೆತ ತಿಂದು ಆಕಾಶಕ್ಕೆ ಹಾರುವವನೂ ಬಿಲ್ಲನೇ. ಅದೂ ಸಾಗದಾಗ ಮನೆಗೇ ಬೆಂಕಿ ಇಡಬೇಕೆಂದು ಮೊಲ ಹೇಳುತ್ತದೆ. ಹೆದರಿದವನ ಕ್ರೌರ್ಯ ಎಲ್ಲಿಯವರೆಗೆ ಹೋಗಬಲ್ಲುದೆಂಬುದನ್ನು ಮಕ್ಕಳ ಕಥೆಯೊಂದು ಇಷ್ಟು ನಗುನಗುತ್ತ ತೋರಿಸಿರುವುದು ಅಪರೂಪ.

ಈ ಅಧ್ಯಾಯದಲ್ಲಿ ಒಂದು ಸಣ್ಣ ಸಂಗತಿಯಿದೆ. ನನ್ನ ಮಟ್ಟಿಗೆ ಮೊಲದ ಅರ್ಥವೆಲ್ಲ ಅದರಲ್ಲಿ ಅಡಗಿದೆ. ಆಲಿಸ್ ಮನೆ ತುಂಬುವಷ್ಟು ಬೆಳೆದಿದ್ದಾಳೆ. ಹೊರಗೆ ಮೊಲದ ಸಿಟ್ಟಿನ ಕೂಗು, ಮೆಟ್ಟಿಲ ಮೇಲೆ ಅದರ ಹೆಜ್ಜೆಯ ಸಪ್ಪಳ. ಅವಳು ಗಡಗಡ ನಡುಗುತ್ತಾಳೆ. ಅವಳ ನಡುಕಕ್ಕೆ ಮನೆಯೇ ಅಲುಗಾಡುತ್ತದೆ. ತಾನೀಗ ಆ ಮೊಲದ ಸಾವಿರದಷ್ಟು ದೊಡ್ಡವಳು, ಅದಕ್ಕೆ ಹೆದರಬೇಕಾದ ಕಾರಣವೇ ಇಲ್ಲ ಎಂಬುದನ್ನು ಅವಳು ಮರೆತಿದ್ದಾಳೆಂದು ಕ್ಯಾರಲ್ ಹೇಳುತ್ತಾನೆ. ಭಯಕ್ಕೆ ಗಾತ್ರದ ಲೆಕ್ಕ ತಿಳಿಯದು. ದೊರೆಸಾನಿಯ ಭಯ ಮೊಲದ ಮೈಯಿಂದ ಹೊರಟು ಗದರಿಕೆಯಾಗಿ ಆಲಿಸಳ ಮೈಗೆ ಇಳಿದಿದೆ. ಮೇಲಿನವರಿಗೆ ನಡುಗುವುದು, ಕೆಳಗಿನವರನ್ನು ನಡುಗಿಸುವುದು: ಈ ಎರಡು ಕೆಲಸಗಳ ನಡುವೆ ಓಡಾಡುತ್ತಿರುವ ಜೀವ ಬಿಳಿಯ ಮೊಲ. ಗಡಿಯಾರ ಅದರ ಉದ್ಯೋಗದ ಬಿಲ್ಲೆ.

ನನ್ನ ಮೊಲಕ್ಕೂ ಮೂರೇ ಕಾಲು ಎಂದು ಓದುಗರು ಹೇಳುವ ಮುನ್ನ ಇನ್ನೆರಡು ಸಾಕ್ಷಿಗಳನ್ನು ಕರೆಯುತ್ತೇನೆ.

ಎಂಟನೆಯ ಅಧ್ಯಾಯದಲ್ಲಿ ಆಟೀನ್ ರಾಣಿಯ ಮೆರವಣಿಗೆ ಬರುತ್ತದೆ. ರಾಜರಾಣಿಯರ ನಡುವೆ ಮೊಲವೂ ಇದೆ. ಅವಸರವಸರವಾಗಿ ಮಾತನಾಡುತ್ತ, ಯಾರು ಏನೆಂದರೂ ಹಲ್ಲು ಕಿರಿಯುತ್ತ ಅದು ಆಲಿಸಳನ್ನು ಗಮನಿಸದೆ ಮುಂದೆ ಹೋಗುತ್ತದೆ. ಆಮೇಲೆ ಅವಳ ಪಕ್ಕಕ್ಕೆ ಬಂದು ಅವಳ ಮುಖವನ್ನು ಆತಂಕದಿಂದ ಇಣುಕಿ ನೋಡುತ್ತದೆ. ದೊರೆಸಾನಿ ಎಲ್ಲಿ ಎಂದು ಆಲಿಸ್ ಕೇಳಿದರೆ, ಹಿಂದೆ ಮುಂದೆ ನೋಡಿ, ತುದಿಗಾಲಲ್ಲಿ ನಿಂತು, ಅವಳ ಕಿವಿಗೆ ಬಾಯಿಟ್ಟು ಪಿಸುಗುಟ್ಟುತ್ತದೆ. ಆಕೆಗೆ ಮರಣದಂಡನೆಯಾಗಿದೆಯಂತೆ, ರಾಣಿಯ ಕಪಾಳಕ್ಕೆ ಹೊಡೆದಳಂತೆ. ಈ ಜಗಳಕ್ಕೆ ಮೊದಲು ಏನಾಯಿತು? ಮೊಲವೇ ಹೇಳಹೊರಡುತ್ತದೆ: ದೊರೆಸಾನಿ ಬಂದದ್ದು ತಡವಾಗಿತ್ತು, ರಾಣಿ ಏನೋ ಅಂದಳು. ಅಷ್ಟರಲ್ಲಿ ರಾಣಿಯ ಗರ್ಜನೆ ಕೇಳಿ ಮಾತು ಅಲ್ಲಿಗೇ ನಿಲ್ಲುತ್ತದೆ.

ಓದುಗರು ಈ ಸರಪಳಿಯನ್ನು ಗಮನಿಸಬೇಕು. ದೊರೆಸಾನಿಗೆ ತಡವಾಯಿತೆಂದು ಮೊಲ ಓಡುತ್ತಿತ್ತು. ದೊರೆಸಾನಿ ರಾಣಿಯ ಹತ್ತಿರ ತಡವಾಗಿ ಹೋದಳು. ಮೊಲಕ್ಕೆ ದೊರೆಸಾನಿ ಏನೋ, ದೊರೆಸಾನಿಗೆ ರಾಣಿ ಅದು. ಮೇಲುಮೇಲಕ್ಕೆ ಏರುವ ಈ ಏಣಿಯ ಒಂದೊಂದು ಮೆಟ್ಟಿಲಿನಲ್ಲಿಯೂ ಒಬ್ಬರು ಇನ್ನೊಬ್ಬರನ್ನು ಕಾಯಿಸಿದ ಅಪರಾಧಕ್ಕಾಗಿ ನಡುಗುತ್ತಿದ್ದಾರೆ. ‘ತಡ’ ಎಂಬ ಮಾತಿಗೆ ಈ ಲೋಕದಲ್ಲಿ ಗಡಿಯಾರದ ಅರ್ಥವಿಲ್ಲ. ಯಾರು ಯಾರಿಗಾಗಿ ಕಾಯಬೇಕು, ಯಾರು ಯಾರನ್ನು ಕಾಯಿಸಬಹುದು ಎಂಬುದೇ ಅದರ ಅರ್ಥ. ಇಂಗ್ಲೆಂಡಿನಲ್ಲಿ ಮಾತ್ರವೇ ಹೀಗೆ ಎಂದು ನಾವು ಬೀಗಬೇಕಾಗಿಲ್ಲ. ಸಾಹೇಬರ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತು ಕಾದವರಿಗೆಲ್ಲ ಈ ವ್ಯಾಕರಣ ಚೆನ್ನಾಗಿ ಗೊತ್ತು. ಒಳಗಿನವರು ಕಾಯಿಸಿದರೆ ಅದು ಕೆಲಸದ ಒತ್ತಡ; ಹೊರಗಿನವನು ಕಾಯಿಸಿದರೆ ಅಶಿಸ್ತು.

ಇನ್ನೂ ಒಂದು ವಿಶೇಷವಿದೆ. ಈ ಭಯಕ್ಕೆ ಹುರುಳಿಲ್ಲ. ತಲೆ ಹಾರಿಸಿರೆಂದು ರಾಣಿ ಮಾತುಮಾತಿಗೆ ಕೂಗುತ್ತಾಳೆ. ರಾಜ ಹಿಂದಿನಿಂದ ಮೆಲುದನಿಯಲ್ಲಿ ಎಲ್ಲರಿಗೂ ಕ್ಷಮೆ ಕೊಟ್ಟುಬಿಡುತ್ತಾನೆ. ಅದೆಲ್ಲ ಆಕೆಯ ಭ್ರಮೆ, ಇಲ್ಲಿ ಯಾರ ತಲೆಯನ್ನೂ ಯಾರೂ ತೆಗೆಯುವುದಿಲ್ಲ ಎಂದು ಗ್ರಿಫನ್ ನಕ್ಕು ಹೇಳುತ್ತದೆ. ಗ್ರಿಫನ್ನಿಗೆ ತಿಳಿದದ್ದು ಅರಮನೆಯ ಒಳಗೇ ಓಡಾಡುವ ಮೊಲಕ್ಕೆ ತಿಳಿದಿರಲಿಲ್ಲವೇ? ತಿಳಿದಿದ್ದರೂ ಪ್ರಯೋಜನವಿಲ್ಲ. ಹೆದರಿ ಅಭ್ಯಾಸವಾದವನಿಗೆ ದಂಡನೆ ನಡೆಯದಿರುವುದು ಸಮಾಧಾನ ಕೊಡುವುದಿಲ್ಲ. ಇಂದು ತಪ್ಪಿತಲ್ಲ, ನಾಳೆ ಹೇಗೋ ಎಂದು ಅವನ ಚಿಂತೆ.

ಎರಡನೆಯ ಸಾಕ್ಷಿ ಸ್ವತಃ ಕ್ಯಾರಲ್ಲನೇ. ಆಲಿಸಳ ಕಥೆ ನಾಟಕವಾಗಿ ರಂಗಕ್ಕೆ ಬಂದ ಮೇಲೆ, 1887ರಲ್ಲಿ, ಅವನು ತನ್ನ ಪಾತ್ರಗಳನ್ನು ಕುರಿತು ಒಂದು ಲೇಖನ ಬರೆದ. ಮೊಲವನ್ನು ಆಲಿಸಳ ಪಕ್ಕದಲ್ಲಿ ಎದುರುಬದುರಾಗಿ ಇಡುವುದಕ್ಕಾಗಿಯೇ ಸೃಷ್ಟಿಸಿದೆನೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಅವಳಲ್ಲಿ ತಾರುಣ್ಯವಿದ್ದರೆ ಇದರಲ್ಲಿ ಮುಪ್ಪು. ಅವಳಲ್ಲಿ ಧೈರ್ಯವಿದ್ದರೆ ಇದರಲ್ಲಿ ಪುಕ್ಕಲುತನ. ಅವಳು ನೇರವಾಗಿ ಗುರಿಗೆ ನಡೆಯುವವಳು, ಇದು ಅತ್ತಲೂ ಇತ್ತಲೂ ತಡಬಡಾಯಿಸುವುದು. ಅದರ ದನಿ ನಡುಗಬೇಕು, ಮೊಣಕಾಲು ಅದುರಬೇಕು ಎಂದು ನಟರಿಗೆ ಸೂಚನೆ ಕೊಡುವಂತೆ ಬರೆದಿದ್ದಾನೆ. ಅಂದರೆ ಅದನ್ನು ಸೃಷ್ಟಿಸಿದವನ ಮನಸ್ಸಿನಲ್ಲಿ ಮೊಲದ ತಿರುಳು ಅದರ ಜೇಬಿನಲ್ಲಿರಲಿಲ್ಲ, ಮೊಣಕಾಲಿನಲ್ಲಿತ್ತು.

ಕವಿಯ ಈ ಮಾತನ್ನು ಒಪ್ಪಿದರೂ ನಾನೊಂದು ಮಾತು ಸೇರಿಸಬೇಕು. ಆಲಿಸಳ ಧೈರ್ಯ ಮೊದಲ ಪುಟದಿಂದಲೇ ಇದ್ದದ್ದಲ್ಲ. ಬೆನ್ನು ಹತ್ತುವ ಕುತೂಹಲ ಇತ್ತು, ನಿಜ. ಆದರೆ ಮೊಲ ಗದರಿದಾಗ ಅವಳು ತಾನು ಮೇರಿ ಆ್ಯನ್ ಅಲ್ಲವೆಂದು ಹೇಳಲಿಲ್ಲ. ಹೇಳಿದ ದಿಕ್ಕಿಗೆ ಓಡಿದಳು. ಮೊಲದ ಆಳಾದಳು. ಆ ಹುಡುಗಿ ಕೊನೆಯ ಅಧ್ಯಾಯದಲ್ಲಿ ಏನಾಗಿದ್ದಾಳೆ ನೋಡಿ. ನ್ಯಾಯಸ್ಥಾನ ನೆರೆದಿದೆ. ರಾಜನ ಪಕ್ಕದಲ್ಲಿ ಮೊಲ ನಿಂತಿದೆ. ಒಂದು ಕೈಯಲ್ಲಿ ಕಹಳೆ, ಇನ್ನೊಂದರಲ್ಲಿ ದೋಷಾರೋಪದ ಸುರುಳಿ. ರಾಜ ವಿಚಾರಣೆಗೆ ಮುಂಚೆಯೇ ತೀರ್ಪು ಕೇಳಿದರೆ ಅದು ತಡೆಯುತ್ತದೆ, ಅವನ ಮಾತು ತಪ್ಪಿದರೆ ವಿನಯದಿಂದ ತಿದ್ದುತ್ತದೆ. ಬಾಯಲ್ಲಿ ವಿನಯ, ಮುಖದಲ್ಲಿ ಗಂಟು. ಅಲ್ಲಿ ಕ್ರಮ ತಿಳಿದ ಪ್ರಾಣಿ ಅದೊಂದೇ. ಆ ಕ್ರಮದಲ್ಲಿ ನ್ಯಾಯವಿಲ್ಲವೆಂಬುದು ಮಾತ್ರ ಅದಕ್ಕೆ ಕಾಣದು. ಕೊನೆಗೆ ಸಾಕ್ಷಿ ಹೇಳಲು ಅದು ಕೀರಲು ದನಿಯಲ್ಲಿ ಕೂಗುವ ಹೆಸರು ಆಲಿಸಳದು. ಮೇರಿ ಆ್ಯನ್ ಎಂದು ಕರೆದಿದ್ದ ಬಾಯಿ ಈಗ ಅವಳ ಸ್ವಂತ ಹೆಸರನ್ನು ಹೇಳಬೇಕಾಗಿ ಬಂದಿದೆ. ಅವಳು ಎದ್ದು ನಿಲ್ಲುತ್ತಾಳೆ. ಅಷ್ಟು ಹೊತ್ತಿಗೆ ಮತ್ತೆ ಬೆಳೆದಿದ್ದಾಳೆ. ಈ ಸಲ ತನ್ನ ಗಾತ್ರವನ್ನು ಮರೆಯುವುದಿಲ್ಲ. ನೀವೆಲ್ಲ ಇಸ್ಪೀಟಿನ ಎಲೆಗಳಷ್ಟೇ ಅಲ್ಲವೇ ಎಂದುಬಿಡುತ್ತಾಳೆ. ದರ್ಬಾರು ಹಾರಿಹೋಗುತ್ತದೆ. ಮೊಲದ ಮನೆಯಲ್ಲಿ ನಡುಗಿದವಳು ರಾಜನ ಸಭೆಯಲ್ಲಿ ನಡುಗಲಿಲ್ಲ. ಈ ಎರಡು ದೃಶ್ಯಗಳ ನಡುವಿನ ದೂರವೇ ಈ ಕಥೆಯ ಬೆಳವಣಿಗೆ. ಆ ದೂರವನ್ನು ಅಳೆಯುವ ಕೋಲು ಬಿಳಿಯ ಮೊಲ.

ಇಲ್ಲಿ ನಮ್ಮ ಪಂಚತಂತ್ರದ ಮೊಲ ನೆನಪಿಗೆ ಬಾರದಿರದು. ಅದೂ ತಡವಾಗಿ ಹೋದ ಮೊಲವೇ. ದಿನಕ್ಕೊಂದು ಪ್ರಾಣಿ ಸಿಂಹದ ಊಟಕ್ಕೆ ಹೋಗಬೇಕು. ಒಂದು ದಿನ ಮೊಲದ ಸರದಿ. ಅದು ಬೇಕೆಂದೇ ಹೊತ್ತು ಮಾಡಿಕೊಂಡು ಹೋಯಿತು. ಹಸಿದ ಒಡೆಯ ಸಿಟ್ಟಿನಿಂದ ಕುರುಡಾಗಿರುತ್ತಾನೆಂದು ಅದಕ್ಕೆ ಗೊತ್ತಿತ್ತು. ದಾರಿಯಲ್ಲಿ ಇನ್ನೊಂದು ಸಿಂಹ ತಡೆಯಿತೆಂದು ಹೇಳಿ, ಬಾವಿಯ ಬಳಿಗೆ ಕರೆದೊಯ್ದು, ಅದರ ನೆರಳನ್ನೇ ಅದಕ್ಕೆ ತೋರಿಸಿತು. ಸಿಂಹ ಹಾರಿ ಸತ್ತಿತು. ಆ ಕಥೆಯಲ್ಲಿ ತಡವೇ ಮೊಲದ ಆಯುಧ. ಕ್ಯಾರಲ್ಲನಲ್ಲಿ ತಡವೇ ಮೊಲದ ಪಾಪ. ಎರಡು ಮೊಲಗಳೂ ತಲೆ ತೆಗೆಯುವ ಒಡೆತನದ ಕೆಳಗೇ ಬಾಳಿದವು. ಒಂದು ಒಡೆಯನ ಕೋಪವನ್ನು ಅಭ್ಯಾಸ ಮಾಡಿತು. ಇನ್ನೊಂದು ಅದಕ್ಕೆ ನಡುಗಿ ಅದರ ಒಂದು ತುಣುಕನ್ನು ತನ್ನ ಆಳುಗಳ ಮೇಲೆ ತೀರಿಸಿಕೊಂಡಿತು. ನಮ್ಮ ಮೊಲ ಬಾವಿಯ ದಂಡೆಯಲ್ಲಿ ಮಾಡಿದ ಕೆಲಸವನ್ನು ಕ್ಯಾರಲ್ಲನ ಕಥೆಯಲ್ಲಿ ಮಾಡುವವಳು ಆಲಿಸ್. ಅಲ್ಲಿ ಎದುರಿಗಿದ್ದ ಸಿಂಹ ನೆರಳು. ಇಲ್ಲಿ ಎದುರಿಗಿದ್ದ ರಾಜಪರಿವಾರ ರಟ್ಟು. ಎರಡು ಕಥೆಗಳಿಗೆ ಋಣಾನುಬಂಧವಿದೆಯೆಂದು ನಾನು ವಾದಿಸುತ್ತಿಲ್ಲ. ಮಕ್ಕಳಿಗೆ ಕಥೆ ಹೇಳುವವರು ಯಾವ ದೇಶದವರಾದರೂ, ದೊಡ್ಡದಾಗಿ ಕಾಣುವುದೆಲ್ಲ ದೊಡ್ಡದಲ್ಲವೆಂಬ ಒಂದು ಮಾತನ್ನು ಅವರಿಗೆ ತಲುಪಿಸಲು ತವಕಪಡುತ್ತಾರೆ ಎಂದಷ್ಟೇ ನನ್ನ ಅಭಿಪ್ರಾಯ.

ಇಷ್ಟೆಲ್ಲ ಅರ್ಥವನ್ನು ಒಂದು ಮೊಲದ ಬೆನ್ನಿಗೆ ಹೇರಿದರೆ ಅದು ಓಡೀತೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ನಮ್ಮ ಆಲಂಕಾರಿಕರು ಧ್ವನಿಯನ್ನು ವಿಭಾಗಿಸುವಾಗ ವಾಚ್ಯಾರ್ಥ ಸೊರಗಿಹೋಗುವ ಬಗೆ ಒಂದು, ವಾಚ್ಯಾರ್ಥ ತಾನೂ ನಿಂತು ಇನ್ನೊಂದನ್ನು ಹೊಳೆಯಿಸುವ ಬಗೆ ಇನ್ನೊಂದು ಎಂದು ಬೇರ್ಪಡಿಸಿದರು. ಮಕ್ಕಳ ಕಥೆಯ ಪ್ರಾಣಿಗೆ ಎರಡನೆಯ ದಾರಿಯೇ ಕ್ಷೇಮ. ಕ್ಯಾರಲ್ಲನ ಮೊಲ ಎಂದೂ ಮೊಲತನವನ್ನು ಬಿಡುವುದಿಲ್ಲ. ಅದು ಆಣೆಯಿಡುವುದು ತನ್ನ ಕಿವಿ ಮೀಸೆಗಳ ಮೇಲೆ. ತಲೆ ಹೋಗುವುದು ಎಷ್ಟು ಖಂಡಿತವೆಂದು ಹೇಳಬೇಕಾದಾಗ ಅದರ ನಾಲಿಗೆಗೆ ಬರುವ ಹೆಸರು ಫೆರೆಟ್ ಎಂಬ ಪ್ರಾಣಿಯದು. ಇಂಗ್ಲೆಂಡಿನ ಬೇಟೆಗಾರರು ಮೊಲಗಳನ್ನು ಹೊರಡಿಸಲು ಬಿಲದೊಳಕ್ಕೆ ಬಿಡುವ, ಮುಂಗುಸಿಯಂಥ ಉದ್ದ ಮೈಯ ಪ್ರಾಣಿ ಅದು. ದರ್ಬಾರಿನ ಉಡುಪಿನೊಳಗೂ ಬಿಲದ ಹಳೆಯ ಭಯ ಹಾಗೆಯೇ ಇದೆ. ಆದ್ದರಿಂದಲೇ ಎಂಟು ವರ್ಷದ ಮಗು ಈ ಮೊಲವನ್ನು ನೋಡಿ ನಗಬಲ್ಲುದು. ಅದೇ ಮಗು ನಲವತ್ತರ ವಯಸ್ಸಿನಲ್ಲಿ ಪುಸ್ತಕವನ್ನು ಮತ್ತೆ ತೆರೆದರೆ ನಗು ಸ್ವಲ್ಪ ತಡೆದು ಬರಬಹುದು. ಪುಸ್ತಕ ಎರಡು ಸಲವೂ ಸುಳ್ಳಾಡಿರುವುದಿಲ್ಲ.

ಗಡಿಯಾರದ ವ್ಯಾಖ್ಯಾನದಲ್ಲಿ ನನಗೆ ಕಾಣುವ ದೋಷವೂ ಇದೇ. ಅದು ತಪ್ಪೆನ್ನುವುದಕ್ಕಿಂತ ಅದು ನಮ್ಮನ್ನು ಸುಲಭವಾಗಿ ಬಿಟ್ಟುಕೊಡುತ್ತದೆ ಎನ್ನಬೇಕು. ಮೊಲ ಆಧುನಿಕ ಕಾಲದ ಸಂಕೇತವಾದರೆ ತಪ್ಪೆಲ್ಲ ಕಾಲದ್ದು, ರೈಲಿನದು, ಯಂತ್ರದ್ದು. ಏನು ಮಾಡುವುದು, ಕಾಲವೇ ಹಾಗಿದೆ ಎಂದು ನಿಟ್ಟುಸಿರು ಬಿಟ್ಟು ಸುಮ್ಮನಿರಬಹುದು. ಮೊಲ ನಡುವಿನ ಮೆಟ್ಟಿಲಿನಲ್ಲಿ ನಿಂತ ಭಯದ ಸಂಕೇತವಾದರೆ ಹಾಗೆ ತಪ್ಪಿಸಿಕೊಳ್ಳುವಂತಿಲ್ಲ. ಹೊತ್ತಿಗೆ ಸರಿಯಾಗಿರಬೇಕೆಂದು ಮಕ್ಕಳಿಗೆ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಎಷ್ಟು ಮನೆಗಳಲ್ಲಿ ಆ ಮಾತಿನೊಡನೆ ಮೇಷ್ಟರ ಭಯ, ಸಾಹೇಬರ ಭಯ, ನಾಲ್ಕು ಜನ ಏನೆಂದಾರೋ ಎಂಬ ಭಯ ಸೇರಿಕೊಂಡು ಹೋಗುತ್ತದೆ! ಬೆಳಿಗ್ಗೆ ಕಚೇರಿಗೆ ಹೊತ್ತಾಯಿತೆಂದು ನಡುಗುವ ತಂದೆ, ಚೀಲ ಸಿಗಲಿಲ್ಲವೆಂದು ಮಗುವನ್ನು ಗದರುತ್ತಾನೆ. ಮಗು ತಮ್ಮನನ್ನು ಗದರುತ್ತದೆ. ಆ ಮನೆಯಲ್ಲಿ ಗಡಿಯಾರ ಒಂದೇ ಇರಬಹುದು, ಬಿಳಿಯ ಮೊಲಗಳು ಮೂರು.

ಕ್ಯಾರಲ್ ನೀತಿ ಹೇಳುವವನಲ್ಲ. ನೀತಿ ಹೇಳುವವರನ್ನು ಕಂಡರೆ ಅವನಿಗೆ ನಗು. ಈ ಪುಸ್ತಕದಲ್ಲಿ ಎಲ್ಲದಕ್ಕೂ ನೀತಿ ಹುಡುಕುವವಳು ಡಚೆಸ್ ದೊರೆಸಾನಿಯೇ ಎಂಬುದನ್ನು ನೆನೆದು ನಾನೂ ಇಲ್ಲಿಗೆ ನಿಲ್ಲಿಸುತ್ತೇನೆ. ಆದರೆ ಕಥೆಯ ಕೊನೆಯಲ್ಲಿ ಅವನು ಬಹಳ ಮೆಲ್ಲಗೆ ಮಾಡಿದ ಒಂದು ಕೆಲಸವನ್ನು ಹೇಳದೆ ಬಿಡಲಾರೆ. ಆಲಿಸ್ ಎಚ್ಚರಗೊಂಡು ಕನಸನ್ನೆಲ್ಲ ಅಕ್ಕನಿಗೆ ಹೇಳುತ್ತಾಳೆ. ಅಕ್ಕ ಅವಳಿಗೆ ಮುತ್ತಿಟ್ಟು, ಕನಸು ವಿಚಿತ್ರವಾದದ್ದೇ ಹೌದು, ಈಗ ಟೀ ಕುಡಿಯಲು ಓಡು, ಹೊತ್ತಾಗುತ್ತಿದೆ ಎನ್ನುತ್ತಾಳೆ. ಆಲಿಸ್ ಎದ್ದು ಓಡುತ್ತಾಳೆ. ಮೊಲದ ಬಾಯಲ್ಲಿ ಆರಂಭವಾದ ಮಾತು ಅಕ್ಕನ ಬಾಯಲ್ಲಿ ಮುಗಿಯುತ್ತದೆ. ಮಾತು ಅದೇ, ಓಟವೂ ಅದೇ. ಆದರೆ ಈ ಓಟದ ಕೊನೆಯಲ್ಲಿ ತಲೆ ತೆಗೆಯುವವರು ಯಾರೂ ಇಲ್ಲ. ಬಿಸಿ ಟೀ ಇದೆ.

ಅತ್ತ ಹುಲ್ಲಿನ ಮೇಲೆ ಕುಳಿತ ಅಕ್ಕನ ಅರೆಗನಸಿನಲ್ಲಿ ಹುಲ್ಲು ಸರಸರನೆ ಅಲುಗುತ್ತದೆ. ಬಿಳಿಯ ಮೊಲ ಇನ್ನೂ ಓಡುತ್ತಲೇ ಇದೆ.